63 ನಾಯನ್ಮಾರರು, 12 ತಿರುಮುರೈ, 4000 ಪಾಶುರ: ತಮಿಳು ಭಕ್ತಿಯ ಲೆಕ್ಕ ಬಿಡಿಸಿಕೊಳ್ಳಲು ಒಂದು ಟಿಪ್ಪಣಿ

ತಮಿಳರ ಹಿಂದೂ ಧರ್ಮದ ಮೇಲೆ ಯಾವ ಪಠ್ಯ ತೆಗೆದರೂ ಮೊದಲು ಅಂಕಿಗಳೇ ಎದುರಾಗುತ್ತವೆ. 63 ನಾಯನ್ಮಾರರು (ಶಿವಭಕ್ತರು), 12 ಆಳ್ವಾರರು (ವಿಷ್ಣುಭಕ್ತ ಕವಿಗಳು), 12 ತಿರುಮುರೈ (ಶೈವರ ಗ್ರಂಥಗಳು), 4000 ಪಾಶುರ (ಆಳ್ವಾರರ ಪದ್ಯಗಳು), 108 ದಿವ್ಯದೇಶ (ವಿಷ್ಣುಕ್ಷೇತ್ರಗಳು), ಮುರುಗನ ಆರು ಪಡೈವೀಡು (ಮುಖ್ಯ ಕ್ಷೇತ್ರಗಳು). ಪರೀಕ್ಷೆಗೆಂದು ಉರು ಹೊಡೆದರೆ ಸ್ವಲ್ಪ ದಿನ ನಿಲ್ಲುತ್ತವೆ, ಆಮೇಲೆ ಎಲ್ಲ ಕಲಸುಮೇಲೋಗರ. ತಲೆಯಲ್ಲಿ ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನನಗೆ ಗಂಟು ಬಿಚ್ಚಿಕೊಟ್ಟದ್ದು ಒಂದು ಸಣ್ಣ ಉಪಾಯ. ನೋಟ್ಸಿನಲ್ಲಿ ಪ್ರತಿ ಹೆಸರಿನ ಎದುರು ಎರಡು ಕಾಲ ಬರೆದುಕೊಳ್ಳಿ: ಹಾಡಿದ ಕಾಲ, ಪಟ್ಟಿಗೆ ಸೇರಿದ ಕಾಲ. ಹಾಡಿದವರು ಹೆಚ್ಚುಕಡಿಮೆ 6ರಿಂದ 9ನೇ ಶತಮಾನದವರು, ಪಲ್ಲವ ಪಾಂಡ್ಯರ ಕಾಲದವರು. ಎಣಿಸಿ, ಜೋಡಿಸಿ, ಸಂಖ್ಯೆ ಕೊಟ್ಟವರು 10ರಿಂದ 12ನೇ ಶತಮಾನದವರು, ಚೋಳರ ಕಾಲದವರು. ನಡುವೆ ಒಂದೆರಡು ಶತಮಾನದ ಅಂತರ. ಈ ಅಂತರ ಮರೆತಾಗಲೇ ಎಡವಟ್ಟಾಗುವುದು.

ಸಂಗಂ ಕಾಲ: ಬೇಗ ಮುಗಿಸೋಣ

ಹಳೆಯ ತಮಿಳು ವ್ಯಾಕರಣ ಗ್ರಂಥವಾದ ತೊಲ್ಕಾಪ್ಪಿಯಂ ಭೂಮಿಯನ್ನು ತಿಣೈಗಳಾಗಿ (ಭೂಭಾಗಗಳಾಗಿ) ಹಂಚಿ ದೇವರನ್ನು ಕೂರಿಸುತ್ತದೆ. ಬೆಟ್ಟದ ಕುರಿಂಜಿಗೆ ಸೇಯೋನ್ (ಮುರುಗ), ಕಾಡಿನ ಮುಲ್ಲೈಗೆ ಮಾಯೋನ್ (ವಿಷ್ಣು), ಗದ್ದೆಬಯಲಿನ ಮರುದಂಗೆ ವೇಂದನ್ (ಇಂದ್ರ), ಕಡಲತೀರದ ನೆಯ್ದಲ್‌ಗೆ ವರುಣ. ಐದನೆಯದಾದ ಬರಡುಭೂಮಿ ಪಾಲೈಗೆ ಕೊಟ್ರವೈ ಎಂದು ಎಲ್ಲ ಗೈಡುಗಳಲ್ಲೂ ಇದೆ. ಆದರೆ ತೊಲ್ಕಾಪ್ಪಿಯಂ ಪಾಲೈಗೆ ಯಾವ ದೇವರನ್ನೂ ಹೇಳುವುದಿಲ್ಲ. ಕೊಟ್ರವೈ ಸೇರಿದ್ದು ಮುಂದಿನ ವ್ಯಾಖ್ಯಾನಕಾರರಿಂದ. ಎರಡು ಕಾಲದ ಉಪಾಯ ಇಲ್ಲೇ ಮೊದಲ ಸಲ ಕೆಲಸಕ್ಕೆ ಬರುತ್ತದೆ.

ಮುರುಗನ ಬಗ್ಗೆ ಒಂದು ಮಾತು. ನಮ್ಮ ಕಡೆ ಸುಬ್ರಹ್ಮಣ್ಯ ಎಂದರೆ ಕುಕ್ಕೆ, ನಾಗ, ಸರ್ಪಸಂಸ್ಕಾರ. ಅದೇ ಚಿತ್ರ ಇಟ್ಟುಕೊಂಡು ತಮಿಳು ಮುರುಗನನ್ನು ಓದಬೇಡಿ. ಅಲ್ಲಿ ಆತ ಬೆಟ್ಟದ ಮೇಲಿನ ಯುವಕ, ಕೈಯಲ್ಲಿ ವೇಲ್ (ಈಟಿ), ಪಕ್ಕದಲ್ಲಿ ನವಿಲು, ಬೇಡರ ಹುಡುಗಿ ವಳ್ಳಿಯ ಗಂಡ. ಆರು ಪಡೈವೀಡುಗಳು ತಿರುಪ್ಪರಂಕುನ್ರಂ, ತಿರುಚ್ಚೆಂದೂರ್, ಪಳನಿ, ಸ್ವಾಮಿಮಲೈ, ತಿರುತ್ತಣಿ, ಪಳಮುದಿರ್‌ಚೋಲೈ. ತಿರುಚ್ಚೆಂದೂರ್ ಮಾತ್ರ ಕಡಲ ದಂಡೆಯಲ್ಲಿದೆ. ‘ಗುಂಪಿಗೆ ಸೇರದ್ದನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ.

12 ತಿರುಮುರೈ: ಕ್ರಮಸಂಖ್ಯೆಯನ್ನು ಕಾಲ ಎಂದು ಓದಬೇಡಿ

ತಮಿಳು ಶೈವರ ಪವಿತ್ರ ಗ್ರಂಥರಾಶಿಗೆ ತಿರುಮುರೈ ಎನ್ನುತ್ತಾರೆ. ಮೊದಲ ಏಳು ಸೇರಿ ತೇವಾರಂ. ಹಂಚಿಕೆ 3-3-1: ಸಂಬಂಧರು 1, 2, 3, ಅಪ್ಪರ್ 4, 5, 6, ಸುಂದರರು 7. ಎಂಟನೆಯದು ಮಾಣಿಕ್ಯವಾಚಕರ ತಿರುವಾಚಕಂ ಮತ್ತು ತಿರುಕ್ಕೋವೈಯಾರ್. ಒಂಬತ್ತನೆಯದರಲ್ಲಿ ಒಂಬತ್ತು ಕವಿಗಳ ತಿರುವಿಸೈಪ್ಪಾ, ತಿರುಪ್ಪಲ್ಲಾಂಡು (9ಕ್ಕೆ 9, ಮರೆಯುವ ಮಾತೇ ಇಲ್ಲ). ಹತ್ತನೆಯದು ತಿರುಮೂಲರ ತಿರುಮಂದಿರಂ. ಹನ್ನೊಂದನೆಯದು ಬಿಡಿಬಿಡಿ ಕೃತಿಗಳ ಕಟ್ಟು. ಹನ್ನೆರಡನೆಯದು 12ನೇ ಶತಮಾನದಲ್ಲಿ ಶೇಕ್ಕಿಳಾರ್ ಬರೆದ ಪೆರಿಯ ಪುರಾಣಂ (12ಕ್ಕೆ 12).

ಈಗ ಎಲ್ಲರೂ ಜಾರುವ ಜಾಗ. 1, 2, 3 ಎಂದು ನೋಡಿದ ಕೂಡಲೇ ನಮ್ಮ ತಲೆ ಅದನ್ನು ಕಾಲಾನುಕ್ರಮ ಎಂದುಕೊಳ್ಳುತ್ತದೆ. ಹಾಗಿಲ್ಲ. ಸಂಬಂಧರೂ ಅಪ್ಪರೂ 7ನೇ ಶತಮಾನದ ಸಮಕಾಲೀನರು. ಅದರಲ್ಲೂ ಅಪ್ಪರ್ ವಯಸ್ಸಿನಲ್ಲಿ ಹಿರಿಯರು. ತಿರುನಾವುಕ್ಕರಸರ್ ಎಂಬ ಆ ಹಿರಿಯರನ್ನು ಬಾಲಕ ಸಂಬಂಧರು ‘ಅಪ್ಪರ್’ ಎಂದು ಕರೆದು ಆ ಹೆಸರೇ ನಿಂತಿತು ಎನ್ನುತ್ತದೆ ಸಂಪ್ರದಾಯ. ಆದರೂ ಪಟ್ಟಿಯಲ್ಲಿ ಹುಡುಗನೇ ಮುಂದೆ. ಕಾರೈಕ್ಕಾಲ್ ಅಮ್ಮೈಯಾರ್ ಇವರಿಬ್ಬರಿಗಿಂತ ಹಿಂದಿನವರು, ಸಾಮಾನ್ಯವಾಗಿ 6ನೇ ಶತಮಾನ ಎನ್ನುತ್ತಾರೆ. ಅವರಿರುವುದು 11ರಲ್ಲಿ. ಇನ್ನೂ ವಿಚಿತ್ರ: ನಕ್ಕೀರರ ತಿರುಮುರುಗಾಟ್ರುಪ್ಪಡೈ ಸಂಗಂ ಸಾಹಿತ್ಯದ ಪತ್ತುಪ್ಪಾಟ್ಟು ಎಂಬ ಸಂಕಲನದಲ್ಲೂ ಇದೆ, 11ನೇ ತಿರುಮುರೈಯಲ್ಲೂ ಇದೆ. ಅಂದರೆ ಇಡೀ ರಾಶಿಯಲ್ಲಿ ಅತಿ ಹಳೆಯ ಹಾಡುಗಳಲ್ಲಿ ಒಂದು, ಕೊನೆಗೆ ಒಂದೇ ಸ್ಥಾನ ಮುಂಚೆ ಕೂತಿದೆ.

ಜೋಡಿಸಿದವರು ನಂಬಿಯಾಂಡಾರ್ ನಂಬಿ. ಕಥೆ ಹೀಗಿದೆ: ತಾಳೆಗರಿಗಳು ಚಿದಂಬರದ ಗುಡಿಯ ಒಂದು ಕೋಣೆಯಲ್ಲಿ ಬೀಗ ಬಿದ್ದು ಕೂತಿದ್ದವು. ತೇವಾರಂ ಹಾಡಿದ ಮೂವರೇ ಬಂದರೆ ಬಾಗಿಲು ತೆಗೆಯುತ್ತೇವೆ ಎಂದರು ಅಲ್ಲಿಯ ಅರ್ಚಕರಾದ ದೀಕ್ಷಿತರು. ರಾಜ ಮೂವರ ಮೂರ್ತಿಗಳನ್ನೇ ಮೆರವಣಿಗೆಯಲ್ಲಿ ತಂದು ನಿಲ್ಲಿಸಿದ. ಬಾಗಿಲು ತೆಗೆದರೆ ಗೆದ್ದಲು ಬಹಳಷ್ಟನ್ನು ತಿಂದಿತ್ತು. ಉಳಿದದ್ದೇ ಈಗ ನಮಗೆ ಸಿಗುವ ಸುಮಾರು 800 ಪದಿಗಗಳು (ಹತ್ತು-ಹನ್ನೊಂದು ಪದ್ಯಗಳ ಹಾಡುಗಳು). ಕಥೆ ಸೊಗಸಾಗಿದೆ, ಆದರೆ ಹಾಡುಗಳು ಪೂರ್ತಿ ಮರೆತೇ ಹೋಗಿದ್ದವು ಎಂದು ಇದರಿಂದ ಬರೆಯಬೇಡಿ. 9ನೇ ಶತಮಾನದ ಪಲ್ಲವ ನಂದಿವರ್ಮನ ತಿರುವಲ್ಲಂ ಶಾಸನದಲ್ಲೇ ಗುಡಿಯಲ್ಲಿ ತಿರುಪ್ಪದಿಯಂ (ಇದೇ ಪದಿಗಗಳು) ಹಾಡುವವರಿಗೆ ದತ್ತಿ ಇದೆ. ತಂಜಾವೂರಿನ ದೊಡ್ಡ ಗುಡಿ ಮುಗಿದದ್ದು 1010ರಲ್ಲಿ. ಅಲ್ಲಿ ಒಂದನೇ ರಾಜರಾಜ ತಿರುಪ್ಪದಿಯಂ ಹಾಡಲು 48 ಜನ ಗಾಯಕರನ್ನೂ ಜೊತೆಗೆ ಇಬ್ಬರು ವಾದ್ಯದವರನ್ನೂ ನೇಮಿಸಿದ್ದು ಗೋಡೆಯ ಮೇಲೇ ಕೆತ್ತಿದೆ.

ಬಾಗಿಲು ತೆಗೆಸಿದ ಆ ರಾಜ ರಾಜರಾಜನೇ (985–1014) ಎಂದು ಹೆಚ್ಚಿನ ಪುಸ್ತಕಗಳು ಹೇಳುತ್ತವೆ. ಇಲ್ಲಿ ಎರಡು ಕಾಲ ಬರೆದು ನೋಡಿ. ಒಂಬತ್ತನೇ ತಿರುಮುರೈಯಲ್ಲಿ ಕರುವೂರ್ ದೇವರ್ ಹಾಡಿದ ಗಂಗೈಕೊಂಡ ಚೋಳೇಶ್ವರದ ಪದಿಗ ಇದೆ. ಆ ಗುಡಿ ಕಟ್ಟಿಸಿದ್ದು ಮಗ ರಾಜೇಂದ್ರ, ಗಂಗೆಯವರೆಗೆ ದಂಡೆತ್ತಿ ಹೋಗಿ ಬಂದ ಮೇಲೆ, ಅಂದರೆ 1020ರ ದಶಕದಲ್ಲಿ ಅಥವಾ ಅದರ ನಂತರ. ಹಾಗಾದರೆ ರಾಜರಾಜನ ಕಾಲಕ್ಕೇ ಒಂಬತ್ತನೆಯದು ಮುಚ್ಚಿ ಮುದ್ರೆ ಬಿದ್ದಿರಲು ಸಾಧ್ಯವಿಲ್ಲ. ಒಂದೋ ಸಂಕಲನ ಮುಂದುವರಿದಿತ್ತು, ಇಲ್ಲವೇ ಕಥೆಯ ರಾಜ ಬೇರೆ. ಉತ್ತರಪತ್ರಿಕೆಯಲ್ಲಿ ‘ಸಂಪ್ರದಾಯದ ಪ್ರಕಾರ ರಾಜರಾಜನ ಕಾಲ’ ಎಂದು ಬರೆದರೆ ಕೈ ತೊಳೆದುಕೊಂಡ ಹಾಗೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕು. ಹರಿಹರನ ರಗಳೆಯ ನಂಬಿಯಣ್ಣ ಈ ನಂಬಿಯಾಂಡಾರ್ ನಂಬಿ ಅಲ್ಲ. ನಂಬಿಯಣ್ಣ ಎಂದರೆ ಸುಂದರರು, ಅವರ ಹೆಸರು ನಂಬಿ ಆರೂರರ್. ಹಾಗೆಯೇ ನಮ್ಮ ಸಿರಿಯಾಳ ಅಲ್ಲಿಯ ಸಿರುತ್ತೊಂಡರ್, ಕಾರಿಕಾಲಮ್ಮೆ ಕಾರೈಕ್ಕಾಲ್ ಅಮ್ಮೈಯಾರ್, ಬೇಡರ ಕಣ್ಣಪ್ಪ ಕಣ್ಣಪ್ಪ ನಾಯನಾರ್. ಶರಣರು ‘ಪುರಾತನರು’ ಎಂದು ನೆನೆಯುವ ಅರವತ್ತುಮೂವರು ಇವರೇ. ನಂಜನಗೂಡಿನ ಗುಡಿಯಲ್ಲಿ ಸಾಲಾಗಿ ನಿಂತ ಮೂರ್ತಿಗಳನ್ನು ನೋಡಿದವರಿಗೆ ಅರ್ಧ ಪಾಠ ಆಗಲೇ ಆಗಿದೆ.

63ರ ಲೆಕ್ಕ, ಮತ್ತು ಹೊರಗೆ ಉಳಿದ ಒಬ್ಬರು

ನನಗೆ ಬಹಳ ಹೊತ್ತು ಹಿಡಿದದ್ದು ಇದು. ಅದಕ್ಕೇ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

8ನೇ ಶತಮಾನದಲ್ಲಿ ಸುಂದರರು ತಿರುವಾರೂರಿನಲ್ಲಿ ತಿರುತ್ತೊಂಡತ್ತೊಗೈ ಎಂಬ ಹಾಡು ಹಾಡಿದರು. ‘ತಿಲ್ಲೈವಾಳ್ ಅಂದಣರ್ ತಂ ಅಡಿಯಾರ್ಕ್ಕುಂ ಅಡಿಯೇನ್’ ಎಂದು ಶುರುವಾಗುತ್ತದೆ: ಚಿದಂಬರದ ಬ್ರಾಹ್ಮಣರ ಆಳುಗಳಿಗೂ ನಾನು ಆಳು. ಹೀಗೇ ಒಬ್ಬೊಬ್ಬ ಭಕ್ತನ ಹೆಸರು ಹೇಳಿ ‘ಅಡಿಯೇನ್’ ಎನ್ನುತ್ತಾ ಹೋಗುತ್ತಾರೆ. ಕಥೆ ಇಲ್ಲ, ವಿವರ ಇಲ್ಲ, ಹೆಸರಿಗೊಂದು ನಮಸ್ಕಾರ ಅಷ್ಟೆ.

ಎಣಿಸೋಣ. ಬಿಡಿಬಿಡಿಯಾಗಿ ನಮಸ್ಕಾರ ಪಡೆದ ಭಕ್ತರು 60. ಜೊತೆಗೆ ಒಂಬತ್ತು ಗುಂಪುಗಳಿವೆ: ತಿಲ್ಲೈಯ ಬ್ರಾಹ್ಮಣರು, ಮೂರು ಹೊತ್ತೂ ದೇವರ ಮೈ ಮುಟ್ಟಿ ಪೂಜಿಸುವವರು, ಮೈಗೆಲ್ಲ ಭಸ್ಮ ಬಳಿದವರು, ಹೀಗೆ. ಗುಂಪುಗಳನ್ನು 63ರಲ್ಲಿ ಎಣಿಸುವುದಿಲ್ಲ. ಹಾಗಾದರೆ ಉಳಿದ ಮೂವರು ಎಲ್ಲಿಂದ? ಹಾಡಿದ ಸುಂದರರು ಒಬ್ಬರು. ಕೊನೆಯ ಪದ್ಯದಲ್ಲಿ ಅವರು ತಾನು ಸಡೈಯನ್, ಇಸೈಞಾನಿಯರ ಮಗ ಎಂದು ಹೇಳಿಕೊಳ್ಳುತ್ತಾರೆ. ಆ ತಂದೆ ತಾಯಿ ಇಬ್ಬರು. 60 + 3 = 63. ಗುಂಪುಗಳನ್ನೂ ಕೂಡಿಸಿದರೆ 72. ಎರಡೂ ಸಂಖ್ಯೆ ಪುಸ್ತಕಗಳಲ್ಲಿ ಕಾಣುತ್ತವೆ, ಎರಡೂ ಸರಿ.

ಈ ಹಾಡಿನ ಮೇಲೆ ನಂಬಿಯಾಂಡಾರ್ ನಂಬಿ ತಿರುತ್ತೊಂಡರ್ ತಿರುವಂದಾದಿ ಬರೆದು ಪ್ರತಿಯೊಬ್ಬರಿಗೂ ಒಂದಿಷ್ಟು ವಿವರ ತುಂಬಿದರು. ಅದರ ಮೇಲೆ ಎರಡನೇ ಕುಲೋತ್ತುಂಗ ಚೋಳನ (1133–1150) ಮಂತ್ರಿಯಾಗಿದ್ದ ಶೇಕ್ಕಿಳಾರ್ 4000ಕ್ಕೂ ಹೆಚ್ಚು ಪದ್ಯಗಳ ಪೆರಿಯ ಪುರಾಣಂ ಕಟ್ಟಿದರು. ಹೆಸರು, ಟಿಪ್ಪಣಿ, ಪುರಾಣ: ಮೂರು ಮೆಟ್ಟಿಲು.

ಈಗ ಮಾಣಿಕ್ಯವಾಚಕರು. ಪಾಂಡ್ಯ ರಾಜನ ಮಂತ್ರಿ, ಕುದುರೆ ಕೊಳ್ಳಲು ಕೊಟ್ಟ ಹಣವನ್ನು ತಿರುಪ್ಪೆರುಂದುರೈಯಲ್ಲಿ ಗುಡಿಗೆ ಸುರಿದವರು. ಅಪ್ಪರ್, ಸಂಬಂಧರ್, ಸುಂದರರ್, ಮಾಣಿಕ್ಯವಾಚಕರ್: ಇವರನ್ನು ‘ನಾಲ್ವರ್’ ಎನ್ನುತ್ತಾರೆ, ತಮಿಳುನಾಡಿನ ಹೆಚ್ಚಿನ ಶಿವಾಲಯಗಳಲ್ಲಿ ಈ ನಾಲ್ವರು ಒಟ್ಟಿಗೆ ನಿಂತಿರುತ್ತಾರೆ. ಆದರೆ 63ರಲ್ಲಿ ಮಾಣಿಕ್ಯವಾಚಕರು ಇಲ್ಲ! ಎಂಟನೇ ತಿರುಮುರೈ ಇಡಿಯಾಗಿ ಅವರದೇ. ಹಾಗಿದ್ದೂ ನಾಯನಾರ್ ಅಲ್ಲ.

ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಪಟ್ಟಿ ಮಾಡಿದವರು ಸುಂದರರು. ಹೆಚ್ಚಿನ ವಿದ್ವಾಂಸರು ಮಾಣಿಕ್ಯವಾಚಕರನ್ನು 9ನೇ ಶತಮಾನಕ್ಕೆ ಇಡುತ್ತಾರೆ, ಅಂದರೆ ಸುಂದರರ ನಂತರಕ್ಕೆ. ಮುಂದೆ ಹುಟ್ಟುವವರ ಹೆಸರು ಹಾಡಿನಲ್ಲಿ ಬರುವುದು ಹೇಗೆ? ಶೇಕ್ಕಿಳಾರ್ ಕಾಲಕ್ಕೆ ತಿರುವಾಚಕಂ ಎಲ್ಲರ ಬಾಯಲ್ಲಿತ್ತು, ಆದರೆ ಅವರು ಸುಂದರರ ಪಟ್ಟಿಯ ಗೆರೆ ದಾಟಲಿಲ್ಲ. ನಾಯನ್ಮಾರರ ಪಟ್ಟಿ ಸುಂದರರೊಂದಿಗೆ ಮುಚ್ಚಿತು, ತಿರುಮುರೈ ಶೇಕ್ಕಿಳಾರ್‌ವರೆಗೂ ತೆರೆದಿತ್ತು. ಎರಡು ಬೇರೆ ಪಟ್ಟಿ, ಎರಡು ಬೇರೆ ಮುಕ್ತಾಯ. ಮಾಣಿಕ್ಯವಾಚಕರು ಸುಂದರರಿಗಿಂತ ಎಷ್ಟೋ ಹಿಂದಿನವರು ಎಂದು ವಾದಿಸುವವರೂ ಇದ್ದಾರೆ. ಆದರೆ ಹಾಗೆ ಒಪ್ಪಿದರೆ ಸುಂದರರು ಅವರನ್ನೇಕೆ ಬಿಟ್ಟರು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗುತ್ತದೆ.

ಈ ಕ್ರಮ ಪುಸ್ತಕದಲ್ಲಷ್ಟೇ ಉಳಿದಿಲ್ಲ, ಪೂಜೆಯಲ್ಲೂ ಕೇಳಿಸುತ್ತದೆ. ಶಿವಾಲಯದಲ್ಲಿ ಗುರುಕ್ಕಳ್ (ಅರ್ಚಕರು) ಸಂಸ್ಕೃತ ಮಂತ್ರದಲ್ಲಿ ಅರ್ಚನೆ ಮಾಡಿ ದೀಪಾರಾಧನೆ ಮುಗಿಸಿದ ಮೇಲೆ ಓದುವಾರ್ (ತಿರುಮುರೈ ಹಾಡುವವರು) ಮುಂದೆ ಬಂದು ‘ತಿರುಚ್ಚಿಟ್ರಂಬಲಂ’ ಎಂದು ಶುರು ಮಾಡುತ್ತಾರೆ. ತೇವಾರಂ, ತಿರುವಾಚಕಂ, ತಿರುವಿಸೈಪ್ಪಾ, ತಿರುಪ್ಪಲ್ಲಾಂಡು, ಪೆರಿಯ ಪುರಾಣಂ ಒಂದೊಂದರಿಂದ ಒಂದು ಹಾಡು. ಇದಕ್ಕೆ ಪಂಚಪುರಾಣಂ ಎನ್ನುತ್ತಾರೆ. ಸಂಖ್ಯೆ ಹಾಕಿದರೆ 1–7, 8, 9, 9, 12. ಈ ಐದನ್ನು ಬಾಯಲ್ಲಿಟ್ಟುಕೊಂಡರೆ ಬಿಟ್ಟುಹೋದ 10, 11 ತಾವಾಗಿಯೇ ನೆನಪಾಗುತ್ತವೆ. ತಿರುಮುರೈ ಕಲಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಯಾರ ಪದಿಗ ಎಂದು ಕಂಡುಹಿಡಿಯುವುದು

ಸಂಬಂಧರ ಪದಿಗದಲ್ಲಿ ಸಾಮಾನ್ಯವಾಗಿ 11 ಪದ್ಯ, ಅಚ್ಚು ಹೊಯ್ದ ಹಾಗೆ ಒಂದೇ ಕಟ್ಟು. 8ರಲ್ಲಿ ಕೈಲಾಸ ಎತ್ತಲು ಹೋಗಿ ಶಿವನ ಹೆಬ್ಬೆರಳಿಗೆ ಸಿಕ್ಕಿ ನಲುಗಿದ ರಾವಣ. 9ರಲ್ಲಿ ಶಿವನ ಬುಡವನ್ನೂ ತುದಿಯನ್ನೂ ಕಾಣದ ವಿಷ್ಣು ಬ್ರಹ್ಮರು. 10ರಲ್ಲಿ ಜೈನರಿಗೂ ಬೌದ್ಧರಿಗೂ ಬೈಗುಳ. 11ರಲ್ಲಿ ತನ್ನ ಹೆಸರು, ಊರಾದ ಸೀರ್ಕಾಳಿ, ಹಾಡಿದವರಿಗೆ ಫಲ. ಅಪ್ಪರಾದರೆ ಸಾಮಾನ್ಯವಾಗಿ ಕೊನೆಯ ಪದ್ಯದಲ್ಲಿ ರಾವಣನನ್ನು ತರುತ್ತಾರೆ, ಹೆಸರು ಹಾಕುವುದಿಲ್ಲ. ಸುಂದರರು ಕೊನೆಯಲ್ಲಿ ಹೆಸರು ಹಾಕುತ್ತಾರೆ.

10ನೇ ಪದ್ಯದ ಬೈಗುಳವನ್ನು ಸುಮ್ಮನೆ ದಾಟಿ ಹೋಗಬೇಡಿ. ಅಪ್ಪರ್ ತಾವೇ ಮೊದಲು ಜೈನ ಸಂನ್ಯಾಸಿಯಾಗಿದ್ದವರು. ಹೊಟ್ಟೆನೋವು ತಡೆಯಲಾಗದೆ ಅಕ್ಕ ತಿಲಕವತಿಯ ಬಳಿ ತಿರುವದಿಗೈಗೆ ಬಂದು ಶಿವನ ಮುಂದೆ ಹಾಡಿದರು. 8000 ಜೈನರನ್ನು ಮದುರೈಯಲ್ಲಿ ಶೂಲಕ್ಕೇರಿಸಿದ ಕಥೆ ಮುಂದಿನ ಕಾಲದ ಪುರಾಣಗಳಲ್ಲಿ ಬರುತ್ತದೆ. ಆ ಕಾಲದ ಶಾಸನದ ಆಧಾರ ಅದಕ್ಕಿಲ್ಲ, ಆಮೇಲೂ ಪಾಂಡ್ಯನಾಡಿನಲ್ಲಿ ಜೈನರು ಇದ್ದರು. ಹಾಡಿನಲ್ಲಿರುವ ದ್ವೇಷ ನಿಜ, ಸಂಖ್ಯೆ ಪುರಾಣದ್ದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ನಂದನಾರ್: ಎರಡಲ್ಲ, ನಾಲ್ಕು ಕಾಲ

ನಮ್ಮ ಉಪಾಯ ಚೆನ್ನಾಗಿ ತೋರುವುದು ಇವರಲ್ಲಿ. ಸುಂದರರ ಹಾಡಿನಲ್ಲಿ ‘ತಿರುನಾಳೈಪ್ಪೋವಾರ್’ ಎಂಬ ಹೆಸರು, ಒಂದು ತುಂಡು ಸಾಲು. ನಂಬಿಯಾಂಡಾರ್ ನಂಬಿಯಲ್ಲಿ ಜಾತಿ, ಊರು ಬರುತ್ತವೆ. ಶೇಕ್ಕಿಳಾರರಲ್ಲಿ ಪೂರ್ತಿ ಕಥೆ: ಅಸ್ಪೃಶ್ಯರೆನಿಸಿಕೊಂಡ ಪುಲೈಯರ ಜಾತಿಯ ನಂದನಾರ್ ಗುಡಿಗಳ ಭೇರಿಗೆ ತೊಗಲು ಕೊಡುತ್ತಾರೆ, ತಿರುಪ್ಪುಂಗೂರಿನಲ್ಲಿ ಹೊರಗೆ ನಿಂತವರಿಗೆ ದರ್ಶನವಾಗಲೆಂದು ನಂದಿ ಪಕ್ಕಕ್ಕೆ ಸರಿಯುತ್ತದೆ, ಚಿದಂಬರದಲ್ಲಿ ಬೆಂಕಿ ಹೊಕ್ಕು ಜನಿವಾರ ತೊಟ್ಟ ಮುನಿಯಾಗಿ ಹೊರಬಂದು ಒಳಗೆ ಹೋಗುತ್ತಾರೆ. ಚಿದಂಬರಕ್ಕೆ ಹೋಗಲು ಬಿಡದೆ ಕಾಡುವ ಬ್ರಾಹ್ಮಣ ಜಮೀನುದಾರ ಇವರ್‍ಯಾರಲ್ಲೂ ಇಲ್ಲ. ಆತ 19ನೇ ಶತಮಾನದ ಗೋಪಾಲಕೃಷ್ಣ ಭಾರತಿಯವರ ಸೃಷ್ಟಿ. ಇಂದು ಜನ ಹೇಳುವ ನಂದನಾರ್ ಕಥೆಯಲ್ಲಿ ಎಲ್ಲರಿಗಿಂತ ಮೊದಲು ನೆನಪಾಗುವುದು ಆ ಜಮೀನುದಾರನೇ. ಬೆಂಕಿ ಹಾಯ್ದು ಬ್ರಾಹ್ಮಣ ರೂಪ ಪಡೆದ ಮೇಲಷ್ಟೇ ಒಳಗೆ ಬಿಡುವ ಕಥೆಯನ್ನು ಸಮಾನತೆಯ ಕಥೆ ಎಂದು ಗೈಡುಗಳು ಹೊಗಳುವುದು ನನಗೆ ಒಪ್ಪಿಗೆಯಾಗಿಲ್ಲ.

ವೈಷ್ಣವರ ಕಡೆ

ಇಲ್ಲೂ ಅದೇ ಎರಡು ಕಾಲ. ಆಳ್ವಾರರು 12, ಆಂಡಾಳ್ ಒಬ್ಬಳೇ ಹೆಣ್ಣು. ಸಂಕಲನಕಾರ ನಾಥಮುನಿ. ಕುಂಭಕೋಣದ ಪೆರುಮಾಳಿನ ಮೇಲೆ ಯಾತ್ರಿಕರು ‘ಆರಾವಮುದೇ’ ಎಂದು ಹತ್ತು ಪದ್ಯ ಹಾಡಿದ್ದನ್ನು ಕೇಳಿದರಂತೆ. ಕೊನೆಯಲ್ಲಿ ‘ಸಾವಿರದೊಳಗೆ ಈ ಹತ್ತು’ ಎಂದಿತ್ತು. ಉಳಿದವು ಎಲ್ಲಿ ಎಂದು ಹುಡುಕುತ್ತಾ ನಮ್ಮಾಳ್ವಾರರ ಊರಾದ ಕುರುಗೂರಿಗೆ ಹೋದರು, ಆ ಸಾವಿರವಷ್ಟೇ ಅಲ್ಲ, ಅದೂ ಸೇರಿ ನಾಲ್ಕು ಸಾವಿರ ಪಡೆದು ಬಂದರು. ಆ ಸಾವಿರವೇ ತಿರುವಾಯ್‌ಮೊಳಿ, ಎಣಿಸಿದರೆ 1102 ಪದ್ಯ.

ಉತ್ಸವದಲ್ಲಿ ನೋಡಿ: ತಮಿಳು ಪ್ರಬಂಧ ಹೇಳುವ ಗೋಷ್ಠಿ ದೇವರ ಮುಂದೆ ನಡೆಯುತ್ತದೆ, ವೇದ ಹೇಳುವವರು ದೇವರ ಹಿಂದೆ. ಉಭಯ ವೇದಾಂತ (ಸಂಸ್ಕೃತ ವೇದ, ತಮಿಳು ಪ್ರಬಂಧ ಎರಡೂ ಪ್ರಮಾಣ) ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ವಿವರಿಸಲು ಬರುವುದಿಲ್ಲ. ಮೇಲುಕೋಟೆಯಲ್ಲೂ ಈ ತಮಿಳು ಪಾಶುರಗಳೇ ಕೇಳುತ್ತವೆ. ರಾಮಾನುಜರು ತಂದ ಪದ್ಧತಿ ಎನ್ನುತ್ತದೆ ಸಂಪ್ರದಾಯ. ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೈ, ತೆಂಗಲೈಗೆ ಕ್ರಮವಾಗಿ ಎರಡೇ ಹೆಸರು ಸಾಕು: ವೇದಾಂತ ದೇಶಿಕರು ಮತ್ತು ಮಣವಾಳ ಮಾಮುನಿಗಳು. ನಾಮ ‘ಯು’ ಆಕಾರದಲ್ಲಿದ್ದರೆ ವಡಗಲೈ, ಕೆಳಗೆ ಮೂಗಿನ ಮೇಲೆ ಪಾದ ಇಳಿದು ‘ವೈ’ ಆಕಾರದಲ್ಲಿದ್ದರೆ ತೆಂಗಲೈ.

ಪಠ್ಯದಲ್ಲಿ ಎರಡು ಸಾಲು, ಊರಲ್ಲಿ ಎಲ್ಲವೂ

ಮೇಲಿನದೆಲ್ಲ ಹಾಡು ಸಿಕ್ಕಿದ ಗುಡಿಗಳ ಮಾತು. ಹೆಚ್ಚಿನ ಮನೆಗಳಲ್ಲಿ ಮಗುವಿನ ಮೊದಲ ಮುಡಿ ಕೊಡುವುದು, ಕಿವಿ ಚುಚ್ಚಿಸುವುದು ಕುಲದೈವದ ಮುಂದೆ. ಅದು ಊರ ಗಡಿಯಲ್ಲಿ, ಕೆರೆ ಏರಿಯ ಬಳಿ ಮಣ್ಣಿನ ಕುದುರೆಗಳ ನಡುವೆ ಕೂತ ಅಯ್ಯನಾರ್ ಇರಬಹುದು, ಕತ್ತಿ ಹಿಡಿದ ಕರುಪ್ಪಸ್ವಾಮಿ ಇರಬಹುದು, ತಿರುನೆಲ್ವೇಲಿ ಕಡೆಯ ಸುಡಲೈಮಾಡನ್ ಇರಬಹುದು. ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಕೂಳ್ ಕಾಯಿಸಿ ಬೀದಿಗೆಲ್ಲ ಹಂಚುತ್ತಾರೆ, ನಮ್ಮ ಅಂಬಲಿಯ ಹಾಗೆಯೇ. ಓದುವಾರರೂ ಇಲ್ಲ, ಆಗಮವೂ (ಪೂಜಾವಿಧಿಯ ಶಾಸ್ತ್ರ) ಇಲ್ಲ. ಪೂಜಾರಿ ಹಲವು ಕಡೆ ಊರಿನದೇ ಬ್ರಾಹ್ಮಣೇತರ ಮನೆತನದವರು. ‘ಎರಡು ಕಾಲ’ ಇಲ್ಲಿ ಕೆಲಸ ಮಾಡುವುದಿಲ್ಲ, ಪಟ್ಟಿ ಮಾಡಿದವರೇ ಇಲ್ಲವಲ್ಲ.

ಇಪ್ಪತ್ತನೇ ಶತಮಾನದಿಂದ ಈಚೆಗೆ

1939ರ ಜುಲೈ 8ರಂದು ವೈದ್ಯನಾಥ ಅಯ್ಯರ್ ನೇತೃತ್ವದಲ್ಲಿ ದಲಿತರೂ ನಾಡಾರರೂ ಮದುರೈ ಮೀನಾಕ್ಷಿ ಗುಡಿ ಹೊಕ್ಕರು. ತಮಿಳುನಾಡಿನ ದೇವಸ್ಥಾನ ಕಾಯ್ದೆಗೆ ತಂದ 1970ರ ತಿದ್ದುಪಡಿ ಅರ್ಚಕ ಹುದ್ದೆಯ ವಂಶಪಾರಂಪರ್ಯ ಹಕ್ಕನ್ನು ತೆಗೆಯಿತು. 1972ರ ಶೇಷಮ್ಮಾಳ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಆದರೆ ಅರ್ಚಕರ ನೇಮಕ ಆಗಮದ ಕಟ್ಟಳೆಗೆ ಒಳಪಟ್ಟಿರಬೇಕು ಎಂದಿತು. ವಂಶ ಹೋಯಿತು, ಆಗಮ ಉಳಿಯಿತು: ಮುಂದಿನ ಐವತ್ತು ವರ್ಷದ ಜಗಳವೆಲ್ಲ ಈ ಒಂದು ವಾಕ್ಯದ ಎರಡು ತುದಿ ಹಿಡಿದು ಎಳೆದಾಟ. ತರಬೇತಿ ಪಡೆದ ಎಲ್ಲ ಜಾತಿಯವರನ್ನು ಅರ್ಚಕರಾಗಿ ನೇಮಿಸುವ ದೊಡ್ಡ ಸುತ್ತು ನಡೆದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೆ ಒಂದೂವರೆ ವರ್ಷ ಮೊದಲು, 2020ರ ಫೆಬ್ರವರಿಯಲ್ಲಿ ನಡೆದ ತಂಜಾವೂರಿನ ದೊಡ್ಡ ಗುಡಿಯ ಕುಂಭಾಭಿಷೇಕ ಯಾವ ಭಾಷೆಯಲ್ಲಿ ಆಗಬೇಕು ಎಂಬ ವ್ಯಾಜ್ಯ ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. ಸಂಸ್ಕೃತ, ತಮಿಳು ಎರಡರಲ್ಲೂ ಮಾಡಿ ಎಂದಾಯಿತು. ರಾಜರಾಜ 48 ಗಾಯಕರನ್ನು ನೇಮಿಸಿದ ಶಾಸನ ಇರುವುದು ಅದೇ ಗುಡಿಯಲ್ಲಿ. ಈ ಘಟನೆಯನ್ನು ತಿರುಮುರೈ ಪ್ರಶ್ನೆಯ ಉತ್ತರದಲ್ಲೂ ಬಳಸಬಹುದು.